ಲೇವಿಯ ಹಾಡುಗಾರರ ಬಗ್ಗೆ ತಿಳಿಯಲು ಯಾವ ಪುಸ್ತಕದಿಂದ ಶುರು ಮಾಡಬೇಕು?

ನಮ್ಮ ಚರ್ಚಿನ ಕ್ವೈರ್‌ಗೆ ಹೊಸಬರು ಸೇರಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಯೆರೂಸಲೇಮಿನ ದೇವಾಲಯದಲ್ಲಿ ಲೇವಿಯರು, ಅಂದರೆ ದೇವರ ಸೇವೆಗೆ ಮೀಸಲಾದ ಲೇವಿ ಕುಲದವರು, ಹಾಡುತ್ತಿದ್ದರಂತಲ್ಲ, ಎಷ್ಟು ಜನ ಇದ್ದರು? ಏನು ಹಾಡುತ್ತಿದ್ದರು? ಯಾವ ವಾದ್ಯ ಇಟ್ಟುಕೊಂಡಿದ್ದರು? ಇದನ್ನೆಲ್ಲ ಎಲ್ಲಿ ಓದೋದು? ಮೊದಲೆಲ್ಲ ನನ್ನದು ಒಂದೇ ಉತ್ತರ, ‘ಸತ್ಯವೇದದ ಪೂರ್ವಕಾಲವೃತ್ತಾಂತ ಓದಿ.’ ಈಗ ಹಾಗೆ ಹೇಳುವುದಿಲ್ಲ. ಆ ಮಾತು ಕೇಳಿ ಓದಲು ಕೂತವರಲ್ಲಿ ಹೆಚ್ಚಿನವರು ಮೊದಲ ಒಂಬತ್ತು ಅಧ್ಯಾಯಗಳ ವಂಶಾವಳಿ ದಾಟಲಿಲ್ಲ.

ಅದೂ ಅಲ್ಲದೆ ಈ ವಿಷಯ ಒಂದೇ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಐದಾರು ಕಡೆ ಹರಡಿಕೊಂಡಿದೆ. ಒಂದೊಂದು ಕಡೆ ಒಂದೊಂದು ಮುಖ ಕಾಣುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆ ಏನು ಅಂತ ಮೊದಲು ನೋಡಿಕೊಳ್ಳಿ, ಆಮೇಲೆ ಪುಸ್ತಕ ಆರಿಸಿ.

ಸತ್ಯವೇದದ ಮೊದಲ ಐದು, ಅಂದರೆ ಮೋಶೆಯ ಪುಸ್ತಕಗಳಲ್ಲಂತೂ ಹುಡುಕಬೇಡಿ. ಅಲ್ಲಿ ಲೇವಿಯರು ಆರಾಧನೆಯ ಗುಡಾರ ಹೊರುತ್ತಾರೆ, ಕಾವಲು ಕಾಯುತ್ತಾರೆ, ಯಾಜಕರಿಗೆ ಕೈಜೋಡಿಸುತ್ತಾರೆ. ಹಾಡುವುದಿಲ್ಲ. ಅರಣ್ಯಕಾಂಡ 10ರಲ್ಲಿ ಎರಡು ಬೆಳ್ಳಿಯ ತುತೂರಿಗಳು ಬರುತ್ತವೆ ನಿಜ, ಆದರೆ ಅವನ್ನು ಊದುವವರು ಆರೋನನ ಮಕ್ಕಳಾದ ಯಾಜಕರು. ಗುಡಾರದ ಬಲಿಗಳ ಬಗ್ಗೆ ಅಷ್ಟೊಂದು ವಿವರ ಕೊಡುವ ಪುಸ್ತಕಗಳು ಹಾಡಿನ ವಿಷಯದಲ್ಲಿ ಸುಮ್ಮನಿವೆ. ಈ ಮೌನವನ್ನು ನೆನಪಿಟ್ಟುಕೊಂಡು ಮುಂದೆ ಓದಿದರೆ ಉಳಿದದ್ದು ಚೆನ್ನಾಗಿ ಅರ್ಥವಾಗುತ್ತದೆ.

ಒಂದೇ ಘಟನೆ, ಎರಡು ಪುಸ್ತಕ

‘ಈ ಹಾಡುವ ಪದ್ಧತಿ ಶುರುವಾದದ್ದು ಹೇಗೆ?’ ಅನ್ನುವುದು ನಿಮ್ಮ ಪ್ರಶ್ನೆಯಾದರೆ ಪೂರ್ವಕಾಲವೃತ್ತಾಂತ ಬೇಕೇ ಬೇಕು. ಆದರೆ ಅದೊಂದನ್ನೇ ಓದಬೇಡಿ. ಪಕ್ಕದಲ್ಲಿ ಸಮುವೇಲ ಮತ್ತು ಅರಸುಗಳನ್ನೂ ತೆರೆದಿಟ್ಟುಕೊಳ್ಳಿ. ಇದಕ್ಕೆ ಎರಡು ಸತ್ಯವೇದ ಇದ್ದರೆ ಅನುಕೂಲ, ಒಂದೇ ಇದ್ದರೆ ಎರಡು ಬುಕ್‌ಮಾರ್ಕ್ ಸಾಕು.

ದಾವೀದ ರಾಜ ಮಂಜೂಷವನ್ನು, ಅಂದರೆ ದೇವರ ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯನ್ನು, ಯೆರೂಸಲೇಮಿಗೆ ತಂದ ಪ್ರಸಂಗ ತೆಗೆದುಕೊಳ್ಳಿ. 2 ಸಮುವೇಲ 6ರಲ್ಲಿ ಅದೊಂದು ಜಾತ್ರೆಯಂತಿದೆ. ಜನರೆಲ್ಲ ಕಿನ್ನರಿ, ದಮ್ಮಡಿ, ತಾಳ ಹಿಡಿದು ಕುಣಿಯುತ್ತಾರೆ. ಉಜ್ಜ ಮಂಜೂಷಕ್ಕೆ ಕೈಚಾಚಿ ಸಾಯುತ್ತಾನೆ. ಮೂರು ತಿಂಗಳಾದ ಮೇಲೆ ಮತ್ತೆ ಮೆರವಣಿಗೆ, ದಾವೀದ ಮೈಮರೆತು ಕುಣಿಯುತ್ತಾನೆ. ಲೇವಿಯ ಹಾಡುಗಾರ ಅಂತ ಒಬ್ಬನ ಹೆಸರೂ ಇಲ್ಲ.

ಈಗ 1 ಪೂರ್ವಕಾಲವೃತ್ತಾಂತ 15 ನೋಡಿ. ಘಟನೆ ಅದೇ. ಆದರೆ ಇಲ್ಲಿ ದಾವೀದ ಮೊದಲು ಲೇವಿಯರ ಮುಖಂಡರನ್ನು ಕರೆಸುತ್ತಾನೆ. ಹೋದ ಸಲ ನೀವು ಹೊರದೆ ಹೋದದ್ದರಿಂದಲೇ ಹಾಗಾಯಿತು ಅನ್ನುತ್ತಾನೆ. ಆಮೇಲೆ ಹೆಸರುಗಳ ಪಟ್ಟಿ. ಹೇಮಾನ, ಆಸಾಫ, ಏತಾನ ಈ ಮೂವರಿಗೆ ಕಂಚಿನ ತಾಳ. ಎಂಟು ಜನರಿಗೆ ಸ್ವರಮಂಡಲ. ಆರು ಜನರಿಗೆ ಕಿನ್ನರಿ. ತುತೂರಿ ಊದಲು ಏಳು ಯಾಜಕರು. ಹಾಡಿಗೆ ಕೆನನ್ಯ ಮುಖ್ಯಸ್ಥ, ಅವನು ಅದರಲ್ಲಿ ಪಳಗಿದವನು. ಜಾತ್ರೆ ಹೋಗಿ ಕಛೇರಿಯ ಶಿಸ್ತು ಬಂದಿದೆ.

ಸೊಲೊಮೋನನ ದೇವಾಲಯದ ಪ್ರತಿಷ್ಠೆಯಲ್ಲೂ ಇದೇ ಕತೆ. 1 ಅರಸುಗಳು 8ರಲ್ಲಿ ಯಾಜಕರು ಪವಿತ್ರಸ್ಥಳದಿಂದ ಹೊರಗೆ ಬಂದ ಕೂಡಲೇ ಮೇಘ ಆಲಯವನ್ನು ತುಂಬುತ್ತದೆ. 2 ಪೂರ್ವಕಾಲವೃತ್ತಾಂತ 5ರಲ್ಲಿ ಯಾಜಕರು ಬಂದದ್ದಕ್ಕೂ ಮೇಘ ಇಳಿದದ್ದಕ್ಕೂ ನಡುವೆ ಒಂದು ಹಾಡು ಬಂದು ಕೂತಿದೆ. ನಾರುಬಟ್ಟೆ ಉಟ್ಟ ಲೇವಿಯರು ಯಜ್ಞವೇದಿಯ ಪೂರ್ವಕ್ಕೆ ನಿಂತಿದ್ದಾರೆ. ಜೊತೆಗೆ ತುತೂರಿ ಹಿಡಿದ 120 ಯಾಜಕರು. ಎಲ್ಲರ ದನಿ ಒಂದೇ ದನಿಯಾಗಿ ಕೇಳಿತು, ಆಗ ಮೇಘ ಇಳಿಯಿತು ಅನ್ನುತ್ತದೆ ಪುಸ್ತಕ. ಬರೆದವನಿಗೆ ಹಾಡು ಎಷ್ಟು ದೊಡ್ಡದಾಗಿತ್ತು ಅನ್ನುವುದು ಈ ಒಂದು ಜಾಗದಲ್ಲೇ ತಿಳಿಯುತ್ತದೆ, ಅಲ್ವಾ?

ಹಾಗಾದರೆ ಯಾವುದನ್ನು ನಂಬುವುದು? ನನ್ನ ಅಭಿಪ್ರಾಯ ಹೇಳುತ್ತೇನೆ. ಪೂರ್ವಕಾಲವೃತ್ತಾಂತ ಯೆಹೂದಿಗಳು ಬಾಬೆಲಿಗೆ ಸೆರೆಹೋಗಿ ಮರಳಿದ ನಂತರ ಬರೆದದ್ದು, ಹೆಚ್ಚಿನ ವಿದ್ವಾಂಸರು ಕ್ರಿ.ಪೂ. 4ನೇ ಶತಮಾನದ ಆಸುಪಾಸು ಅನ್ನುತ್ತಾರೆ. ದಾವೀದನಿಗೂ ಅದಕ್ಕೂ ಆರು ಶತಮಾನದ ಅಂತರ. ಬರೆದವನು ತನ್ನ ಕಾಲದ ಎರಡನೆಯ ದೇವಾಲಯದಲ್ಲಿ (ಸೆರೆಯಿಂದ ಮರಳಿದವರು ಕಟ್ಟಿದ್ದು) ದಿನಾ ಕಂಡದ್ದನ್ನು ದಾವೀದನ ಕಾಲಕ್ಕೆ ಸೇರಿಸಿ ಹೇಳಿದ್ದಾನೆ ಅನ್ನುವುದು ಬಹುಪಾಲು ವಿದ್ವಾಂಸರ ಮಾತು. ನನಗೂ ಅದು ಸರಿ ಅನ್ನಿಸುತ್ತದೆ. ಹಾಗಂತ ಪುಸ್ತಕದ ಬೆಲೆ ಕಡಿಮೆಯಾಗುವುದಿಲ್ಲ. ಹಾಡುವ ಮನೆತನಗಳ ಒಳಗಿನ ಸುದ್ದಿ ಇಷ್ಟು ಹತ್ತಿರದಿಂದ ಬರೆದವರು ಬೇರೆ ಯಾರೂ ಇಲ್ಲ. ಬರೆದವನೂ ಅವರಲ್ಲೇ ಒಬ್ಬನಿರಬಹುದು ಅಂತ ಹಲವರು ಊಹಿಸುವುದು ಅದಕ್ಕೇ.

1 ಪೂರ್ವಕಾಲವೃತ್ತಾಂತ 25ನೇ ಅಧ್ಯಾಯ ಮಾತ್ರ ನಿಧಾನವಾಗಿ ಓದಿ. ಅದು ಡ್ಯೂಟಿ ಪಟ್ಟಿ. ಆಸಾಫನ 4 ಮಕ್ಕಳು, ಯೆದುತೂನನ 6, ಹೇಮಾನನ 14, ಒಟ್ಟು 24. ಒಬ್ಬೊಬ್ಬರ ತಂಡದಲ್ಲಿ ಅವರೂ ಸೇರಿ 12 ಜನ, ಒಟ್ಟು 288 ನುರಿತ ಹಾಡುಗಾರರು. ಯಾರ ಸರದಿ ಯಾವಾಗ ಅಂತ ಚೀಟು ಹಾಕುತ್ತಾರೆ. ದೊಡ್ಡವನು, ಚಿಕ್ಕವನು, ಕಲಿಸುವವನು, ಕಲಿಯುವವನು ಅನ್ನುವ ಭೇದ ಇಲ್ಲ. ಕ್ವೈರ್ ನಡೆಸುವವರಿಗೆ ಈ ಒಂದು ಮಾತು ಸಾಕು, ಅಲ್ಲಿಗೇ ಮನಸ್ಸು ನಿಲ್ಲುತ್ತದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಸೊಗಸು ಇದೆ. ಹೇಮಾನನ ಮಕ್ಕಳ ಪಟ್ಟಿಯ ಕೊನೆಯ ಒಂಬತ್ತು ಹೆಸರುಗಳನ್ನು ಹೀಬ್ರೂವಿನಲ್ಲಿ ಒಟ್ಟಿಗೆ ಓದಿದರೆ ‘ನನಗೆ ಕೃಪೆ ತೋರು’ ಅಂತ ಶುರುವಾಗುವ ಪ್ರಾರ್ಥನೆಯ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ ಓದುವವರಿಗೆ ಅದು ಬರೀ ಹೆಸರುಗಳ ಸಾಲು. ಹಾಡುವವರ ಮನೆಯಲ್ಲಿ ಮಕ್ಕಳ ಹೆಸರೇ ಹಾಡಿನ ಸಾಲಾಗಿದೆ ಅಂದರೆ ನನಗೆ ಎಷ್ಟು ಸಲ ಓದಿದರೂ ಖುಷಿ. ಹೇಮಾನನಿಗೆ ಮೂವರು ಹೆಣ್ಣುಮಕ್ಕಳೂ ಇದ್ದರು ಅಂತ ಅಲ್ಲೇ ಇದೆ, ಅವರ ಹೆಸರು ಕೊಟ್ಟಿಲ್ಲ.

ವಾದ್ಯಗಳ ಬಗ್ಗೆ ಒಂದು ಎಚ್ಚರ

ಇದು ಕನ್ನಡ ಓದುಗರಿಗೆ ಮಾತ್ರ ಹೇಳಬೇಕಾದ ಮಾತು. ನಮ್ಮ ಸತ್ಯವೇದದಲ್ಲಿ ಹೀಬ್ರೂವಿನ ‘ಕಿನ್ನೋರ್’ಗೆ ಕಿನ್ನರಿ ಅಂತಲೂ ‘ನೇವೆಲ್’ಗೆ ಸ್ವರಮಂಡಲ ಅಂತಲೂ ಹಾಕಿದ್ದಾರೆ. ಕೇಳಲು ಎಷ್ಟು ಚೆಂದ! ಆದರೆ ಓದುವಾಗ ಕಣ್ಣ ಮುಂದೆ ಬರುವ ಚಿತ್ರ ತಪ್ಪು. ನಮ್ಮ ಕಿನ್ನರಿ ಜೋಗಿಗಳ ಕೈಯಲ್ಲಿರುವುದು ಸೋರೆಬುರುಡೆ ಕಟ್ಟಿದ ದಂಡಿ. ಲೇವಿಯರ ಕಿನ್ನೋರ್ ಆ ಜಾತಿಯದಲ್ಲ. ಕೆಳಗೆ ಒಂದು ಪೆಟ್ಟಿಗೆ, ಅದರಿಂದ ಮೇಲೆದ್ದ ಎರಡು ತೋಳು, ತೋಳುಗಳಿಗೆ ಅಡ್ಡಪಟ್ಟಿ, ಪಟ್ಟಿಯಿಂದ ಪೆಟ್ಟಿಗೆಗೆ ಬಿಗಿದ ತಂತಿಗಳು. 1ನೇ ಶತಮಾನದ ಯೆಹೂದಿ ಇತಿಹಾಸಕಾರ ಯೋಸೇಫಸ್ ಹೇಳುವಂತೆ ಕಿನ್ನೋರ್‌ಗೆ 10 ತಂತಿ, ಕಡ್ಡಿಯಿಂದ ಮೀಟುವುದು. ನೇವೆಲ್‌ಗೆ 12, ಬೆರಳಿನಿಂದ ಮೀಟುವುದು.

ತಂತಿ ಅಂದರೆ ಲೋಹದ್ದೂ ಅಲ್ಲ, ಕರುಳಿನದು. ಯೆಹೂದಿ ಗುರುಗಳ ಮಾತುಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲಿ ಟಗರಿನ ಬಗ್ಗೆ ಒಂದು ಮಾತಿದೆ. ಬದುಕಿದ್ದಾಗ ಅದಕ್ಕೆ ಒಂದೇ ದನಿ, ಸತ್ತ ಮೇಲೆ ಏಳು. ಎರಡು ಕೊಂಬು ಎರಡು ತುತೂರಿಯಾಗುತ್ತವೆ, ಎರಡು ಕಾಲೆಲುಬು ಎರಡು ಕೊಳಲಾಗುತ್ತವೆ, ಚರ್ಮ ದಮ್ಮಡಿಗೆ, ದೊಡ್ಡ ಕರುಳು ನೇವೆಲ್‌ಗೆ, ಸಣ್ಣ ಕರುಳು ಕಿನ್ನೋರ್‌ಗೆ. ಆ ಹಾಡಿನ ನಾದ ಎಂಥದ್ದಿರಬಹುದು ಅಂತ ಊಹಿಸಲು ಈ ಒಂದು ವಾಕ್ಯ ಬಹಳ ಸಹಾಯ ಮಾಡುತ್ತದೆ. ಮೆತ್ತಗಿನ, ಬೆಚ್ಚಗಿನ ದನಿ. ನಡುವೆ ತಾಳದ ಒಂದು ಬಡಿತ.

ವಾದ್ಯದ ಆಕಾರ ಕಣ್ಣಾರೆ ನೋಡಬೇಕಾದರೆ ಪುಸ್ತಕ ಬಿಟ್ಟು ನಾಣ್ಯ ನೋಡಿ. ರೋಮನ್ನರ ವಿರುದ್ಧ ಬಾರ್ ಕೋಖ್ಬಾ ದಂಗೆ ಎದ್ದಾಗ (ಕ್ರಿ.ಶ. 132-135) ಯೆಹೂದಿಗಳು ಹೊಡೆಸಿದ ನಾಣ್ಯಗಳ ಮೇಲೆ ಕಿನ್ನೋರ್ ಮತ್ತು ಜೋಡಿ ತುತೂರಿ ಇವೆ. ಆ ಹೊತ್ತಿಗೆ ಎರಡನೆಯ ದೇವಾಲಯ ಸುಟ್ಟು 60 ವರ್ಷ ದಾಟಿತ್ತು. ಆದರೂ ನಾಣ್ಯಕ್ಕೆ ಗುರುತು ಬೇಕೆಂದಾಗ ಅವರಿಗೆ ನೆನಪಾದದ್ದರಲ್ಲಿ ಹಾಡುಗಾರರ ವಾದ್ಯವೂ ಇತ್ತು.

ಕೀರ್ತನೆಗಳು: ತಲೆಬರಹ ಬಿಟ್ಟು ಓದಬೇಡಿ

‘ಏನು ಹಾಡುತ್ತಿದ್ದರು?’ ಅಂತ ಕೇಳುವವರಿಗೆ ಕೀರ್ತನೆಗಳೇ ಸರಿ. ಆದರೆ ನಾವು ಸಾಮಾನ್ಯವಾಗಿ ಕೀರ್ತನೆಯ ಮೇಲಿನ ಸಣ್ಣಕ್ಷರದ ಸಾಲನ್ನು ಹಾರಿಸಿ ಓದುತ್ತೇವೆ. ಹಾಡುಗಾರರು ಇರುವುದೇ ಆ ಸಾಲಿನಲ್ಲಿ. ‘ಪ್ರಧಾನಗಾಯಕ’ ಅನ್ನುವ ಮಾತು 55 ಕೀರ್ತನೆಗಳ ಮೇಲಿದೆ. ಆಸಾಫನ ಹೆಸರಿನಲ್ಲಿ 12 ಇವೆ: 50, ಆಮೇಲೆ 73ರಿಂದ 83. ಕೋರಹೀಯರು ಅನ್ನುವ ಇನ್ನೊಂದು ಲೇವಿ ಮನೆತನದ ಹೆಸರಿನಲ್ಲಿ ಹತ್ತಕ್ಕೂ ಜಾಸ್ತಿ. 88 ಹೇಮಾನನದು, 89 ಏತಾನನದು.

ಒಂದು ಪರೀಕ್ಷೆ ಮಾಡಿ ನೋಡಿ. 74ನೇ ಕೀರ್ತನೆ ತೆರೆಯಿರಿ. ಮೇಲೆ ಆಸಾಫ ಅಂತಿದೆ. ಒಳಗೆ ಶತ್ರುಗಳು ದೇವಾಲಯದ ಕೆತ್ತನೆಗಳನ್ನು ಕೊಡಲಿಯಿಂದ ಒಡೆದು ಬೆಂಕಿ ಹಚ್ಚುತ್ತಿದ್ದಾರೆ. ದಾವೀದನ ಕಾಲದ ಆಸಾಫನಿಗೆ, ಬಾಬೆಲಿನವರು ಮೊದಲ ದೇವಾಲಯಕ್ಕೆ ಹಚ್ಚಿದ ಕ್ರಿ.ಪೂ. 586ರ ಬೆಂಕಿ ಹೇಗೆ ಗೊತ್ತು? ಆಸಾಫ ಅನ್ನುವುದು ಇಲ್ಲಿ ಒಬ್ಬ ಮನುಷ್ಯನಿಗಿಂತ ಒಂದು ಮನೆತನದ ಹೆಸರು ಅಂತ ತೆಗೆದುಕೊಂಡರೆ ಸರಿಹೋಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ಹಾಡು ದಾಟಿಸಿದವರ ಹೆಸರು ಅದು. ನಮ್ಮಲ್ಲಿ ಸಂಗೀತದ ಮನೆತನ ಅಂತೀವಲ್ಲ, ಹಾಗೆ.

ಕೀರ್ತನೆಗಳ ಕೊರತೆಯೂ ಹೇಳಬೇಕು. ಯಾವ ಕೀರ್ತನೆಯನ್ನು ಯಾವಾಗ, ಎಲ್ಲಿ ನಿಂತು ಹಾಡಿದರು ಅನ್ನುವುದು ಅದರಿಂದಲೇ ತಿಳಿಯುವುದು ಕಡಿಮೆ. ‘ಸೆಲಾ’ ಅನ್ನುವ ಮಾತು 71 ಸಲ ಬರುತ್ತದೆ, ಅದರ ಅರ್ಥದ ಬಗ್ಗೆ ಇವತ್ತಿಗೂ ಒಮ್ಮತ ಇಲ್ಲ. ರಾಗದ ಗುರುತು ಯಾವುದೂ ನಮಗೆ ತಿಳಿಯುವ ಹಾಗೆ ಉಳಿದಿಲ್ಲ. ‘ಮೂಲ ರಾಗ ಇದೇ’ ಅಂತ ಯಾರಾದರೂ ಹಾಡಿ ತೋರಿಸಿದರೆ ಪ್ರೀತಿಯಿಂದ ಕೇಳಿ, ಆದರೆ ನಂಬಬೇಡಿ.

ಮಿಷ್ನಾ: ಒಂದು ಬೆಳಗ್ಗೆ ನೋಡಬೇಕಾದರೆ

‘ದಿನಾ ಹೇಗೆ ನಡೀತಿತ್ತು?’ ಈ ಪ್ರಶ್ನೆಗೆ ಮಿಷ್ನಾದಷ್ಟು ಚೆನ್ನಾಗಿ ಯಾವುದೂ ಉತ್ತರ ಕೊಡುವುದಿಲ್ಲ. ಯೆಹೂದಿ ಗುರುಗಳ ಬಾಯಿಪಾಠದ ಈ ಸಂಗ್ರಹ ಒಟ್ಟಾದದ್ದು ಸುಮಾರು ಕ್ರಿ.ಶ. 200ರಲ್ಲಿ. ದೇವಾಲಯ ಬಿದ್ದದ್ದು 70ರಲ್ಲಿ. ಆದ್ದರಿಂದ ಇದು ನೆನಪಿನ ದಾಖಲೆ, ನೆನಪಿನಲ್ಲಿ ಹಂಬಲವೂ ಬೆರೆತಿರುತ್ತದೆ. ಆ ಎಚ್ಚರ ಇಟ್ಟುಕೊಂಡು ‘ತಾಮಿದ್’ ಅನ್ನುವ ಭಾಗದ ಕೊನೆಯ ಅಧ್ಯಾಯ ಓದಿ.

ಬೆಳಗಿನ ಹೋಮ ವೇದಿಯ ಮೇಲಿದೆ. ಯಾಜಕನ ಕೈಯಲ್ಲಿ ದ್ರಾಕ್ಷಾರಸ. ವೇದಿಯ ಮೂಲೆಯಲ್ಲಿ ಸಹಾಯಕ ಮುಖ್ಯಸ್ಥ ಬಟ್ಟೆ ಹಿಡಿದು ನಿಂತಿದ್ದಾನೆ. ಇಬ್ಬರು ಯಾಜಕರು ಬೆಳ್ಳಿಯ ತುತೂರಿ ಊದಿ, ತಾಳ ಹಿಡಿದ ಬೆನ್ ಅರ್ಜಾನ ಎಡಕ್ಕೊಬ್ಬ ಬಲಕ್ಕೊಬ್ಬ ಬಂದು ನಿಲ್ಲುತ್ತಾರೆ. ಯಾಜಕ ರಸ ಹೊಯ್ಯಲು ಬಗ್ಗುತ್ತಾನೆ. ಬಟ್ಟೆ ಬೀಸುತ್ತದೆ. ತಾಳ ಬಡಿಯುತ್ತದೆ. ಲೇವಿಯರು ಹಾಡು ಎತ್ತುತ್ತಾರೆ. ಹಾಡು ಒಂದು ನಿಲುಗಡೆಗೆ ಬಂದಾಗ ತುತೂರಿ, ತುತೂರಿ ಕೇಳಿದಾಗ ಜನ ಅಡ್ಡಬೀಳುತ್ತಾರೆ. ಪ್ರತಿ ನಿಲುಗಡೆಗೆ ಒಂದು ತುತೂರಿ, ಪ್ರತಿ ತುತೂರಿಗೆ ಒಂದು ನಮಸ್ಕಾರ. ಅಷ್ಟು ದೊಡ್ಡ ಅಂಗಳದಲ್ಲಿ ಬೀಸಿದ ಬಟ್ಟೆಯೊಂದು ಎಲ್ಲರನ್ನೂ ಒಟ್ಟಿಗೆ ಶುರು ಮಾಡಿಸುತ್ತದೆ.

ವಾರದ ಪಟ್ಟಿಯೂ ಅಲ್ಲೇ ಇದೆ. ಭಾನುವಾರ 24ನೇ ಕೀರ್ತನೆ, ಸೋಮವಾರ 48, ಮಂಗಳವಾರ 82, ಬುಧವಾರ 94, ಗುರುವಾರ 81, ಶುಕ್ರವಾರ 93, ಸಬ್ಬತ್ತಿಗೆ 92. ಮನೆಯಲ್ಲಿ ಒಂದು ವಾರ ಈ ಪ್ರಕಾರ ಓದಿ ನೋಡಿ. ನಾನು ಓದುತ್ತೇನೆ.

‘ಅರಾಖೀನ್’ ಅನ್ನುವ ಭಾಗದಲ್ಲಿ ಸಂಖ್ಯೆಗಳು. ವೇದಿಕೆಯ ಮೇಲೆ ಲೇವಿಯರು 12ಕ್ಕೆ ಕಡಿಮೆ ಇರಬಾರದು, ಎಷ್ಟು ಬೇಕಾದರೂ ಜಾಸ್ತಿ ಇರಬಹುದು. ನೇವೆಲ್ 2ರಿಂದ 6. ಕಿನ್ನೋರ್ 9ಕ್ಕೆ ಕಡಿಮೆ ಇಲ್ಲ. ತಾಳ ಮಾತ್ರ ಒಂದೇ. ಲೇವಿಯರ ಮಕ್ಕಳು ವೇದಿಕೆ ಹತ್ತುವಂತಿಲ್ಲ, ವಾದ್ಯ ಮುಟ್ಟುವಂತಿಲ್ಲ. ಕೆಳಗೆ ನೆಲದ ಮೇಲೆ ನಿಂತು, ದೊಡ್ಡವರ ಕಾಲುಗಳ ನಡುವೆ ತಲೆ ಇಟ್ಟು ಬಾಯಲ್ಲಿ ಹಾಡಬೇಕು. ಹಾಡಿಗೆ ರುಚಿ ಕೂಡಲಿ ಅಂತ. ಆ ಎಳೆಯ ದನಿಗೆ ದೊಡ್ಡವರ ದನಿ ಸರಿಗಟ್ಟದ್ದರಿಂದ ಮಕ್ಕಳಿಗೆ ‘ಲೇವಿಯರನ್ನು ಕಾಡುವವರು’ ಅಂತ ಹೆಸರು ಬಿದ್ದಿತ್ತು. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದಿಲ್ಲ.

ಮಿಷ್ನಾ ಬರೀ ಹೊಗಳುವುದಿಲ್ಲ, ಅದಕ್ಕೇ ನನಗೆ ಅದರ ಮೇಲೆ ಗೌರವ. ಹೊಸ ವರ್ಷದ ದಿನ, ಅಮಾವಾಸ್ಯೆ ಕಳೆದು ಚಂದ್ರ ಕಂಡಿತು ಅಂತ ಹೇಳಿ ಹಬ್ಬ ಗೊತ್ತುಮಾಡಿಸಬೇಕಾದ ಸಾಕ್ಷಿಗಳು ತಡವಾಗಿ ಬಂದು ಲೇವಿಯರ ಹಾಡು ಎಡವಟ್ಟಾದ ಪ್ರಸಂಗ ಅಲ್ಲಿದೆ. ಹಬ್ಬದ ಹಾಡೋ ದಿನದ ಹಾಡೋ ಅಂತ ಗೊತ್ತಾಗದೆ ಆದ ಗೊಂದಲ. ಹುಗ್ರಸ್ ಅನ್ನುವ ಲೇವಿಯನಿಗೆ ಹಾಡುಗಾರಿಕೆಯ ಒಂದು ವಿಶೇಷ ವಿದ್ಯೆ ಗೊತ್ತಿತ್ತು, ಯಾರಿಗೂ ಕಲಿಸಲಿಲ್ಲ ಅಂತ ಅವನನ್ನು ದೂರುವ ಸಾಲೂ ಇದೆ. ಕಲಿಸುವವನಿಗೂ ಕಲಿಯುವವನಿಗೂ ಒಂದೇ ಚೀಟು ಹಾಕಿದ ಪೂರ್ವಕಾಲವೃತ್ತಾಂತದ ಪಕ್ಕ ಇದನ್ನು ಇಟ್ಟು ಓದಿ.

ಸೆಫಾರಿಯಾ ತಾಣದಲ್ಲಿ ಮಿಷ್ನಾದ ಹೀಬ್ರೂ ಮೂಲ ಮತ್ತು ಇಂಗ್ಲಿಷ್ ಅನುವಾದ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಕಷ್ಟ ಅನ್ನುವವರು ಯಾರಾದರೂ ಓದಿ ಹೇಳುವವರ ಜೊತೆ ಕೂರಿ. ‘ತಾಮಿದ್’ ಪುಟ್ಟ ಭಾಗ, ಒಂದು ಸಂಜೆ ಸಾಕು.

ಯೋಸೇಫಸ್‌ನನ್ನು ಪೂರ್ತಿ ಓದಬೇಕಾಗಿಲ್ಲ. ‘ಯೆಹೂದಿಗಳ ಪುರಾತನ ಚರಿತ್ರೆ’ಯ 20ನೇ ಭಾಗದಲ್ಲಿ ಒಂದು ಪುಟ ಸಾಕು. ದೇವಾಲಯ ಬೀಳುವುದಕ್ಕೆ ಕೆಲವೇ ವರ್ಷ ಮುಂಚೆ ಹಾಡುವ ಲೇವಿಯರು ಎರಡನೆಯ ಅಗ್ರಿಪ್ಪ ರಾಜನ ಬಳಿ ಹೋಗಿ, ನಮಗೂ ಯಾಜಕರಂತೆ ನಾರುಬಟ್ಟೆ ಉಡುವ ಹಕ್ಕು ಕೊಡಿಸಿ ಅಂತ ಕೇಳಿದರು, ಪಡೆದರು. ಯಾಜಕರ ಮನೆಯವನಾದ ಯೋಸೇಫಸ್‌ಗೆ ಇದು ಸಿಟ್ಟು ತರಿಸಿತು, ಪೂರ್ವಿಕರ ಕಟ್ಟಳೆ ಮೀರಿದರು ಅಂತ ಬರೆದ. ಆದರೆ ಪೂರ್ವಕಾಲವೃತ್ತಾಂತ ಅದೇ ಹಾಡುಗಾರರಿಗೆ ಸೊಲೊಮೋನನ ಕಾಲದಲ್ಲೇ ನಾರುಬಟ್ಟೆ ಉಡಿಸಿತ್ತು! ಯಾರು ಬರೆಯುತ್ತಿದ್ದಾರೆ ಅಂತ ನೋಡಿ ಓದಬೇಕು ಅನ್ನುವುದಕ್ಕೆ ಇಷ್ಟು ಸಾಕು.

ನನ್ನ ಆಯ್ಕೆ: ಎಜ್ರ ಮತ್ತು ನೆಹೆಮೀಯ

ಒಂದನ್ನೇ ಆರಿಸಿ ಅಂದರೆ ನಾನು ಈ ಜೋಡಿಯನ್ನು ಕೈಗೆ ಕೊಡುತ್ತೇನೆ. ಇಲ್ಲಿ ಪವಾಡದ ಮೇಘ ಇಲ್ಲ, 288 ಜನರ ತಂಡವೂ ಇಲ್ಲ. ಆದರೆ ನೆಲ ಗಟ್ಟಿ.

ಎಜ್ರ 2ರಲ್ಲಿ ಬಾಬೆಲಿನಿಂದ ಮರಳಿ ಬಂದವರ ಲೆಕ್ಕ ಇದೆ. ಲೇವಿಯರು 74. ಹಾಡುಗಾರರಾದ ಆಸಾಫನ ಮನೆಯವರು 128. ನೆಹೆಮೀಯ 7ರ ಪಟ್ಟಿಯಲ್ಲಿ ಇದು 148. ಗಮನಿಸಿ, ಹಾಡುಗಾರರನ್ನು ಇಲ್ಲಿ ಲೇವಿಯರಿಂದ ಬೇರೆಯಾಗಿ ಎಣಿಸಿದ್ದಾರೆ. ಹೇಮಾನನ ಹೆಸರೇ ಇಲ್ಲ. ಪೂರ್ವಕಾಲವೃತ್ತಾಂತಕ್ಕೆ ಬರುವ ಹೊತ್ತಿಗೆ ಹಾಡುಗಾರರೆಲ್ಲ ಲೇವಿಯರು, ಮನೆತನ ಮೂರು, ಹೇಮಾನನದೇ ದೊಡ್ಡದು. ನಡುವಿನ ಕಾಲದಲ್ಲಿ ಈ ಜನ ಮೆಲ್ಲಗೆ ಮೇಲೆ ಬಂದರು ಅಂತ ವಿದ್ವಾಂಸರು ಹೇಳುವುದು ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೇ.

ಎಜ್ರ 3ರಲ್ಲಿ ಹೊಸ ದೇವಾಲಯಕ್ಕೆ ಅಸ್ತಿವಾರ. ಆಸಾಫನ ಮನೆಯವರು ತಾಳ ಹಿಡಿದು ನಿಂತಿದ್ದಾರೆ. ಹಳೆಯ ದೇವಾಲಯ ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಾರೆ, ಉಳಿದವರು ಸಂತೋಷದಿಂದ ಕೂಗುತ್ತಾರೆ. ಯಾವುದು ಅಳು, ಯಾವುದು ಆರ್ಭಟ ಅಂತ ತಿಳಿಯಲಿಲ್ಲ ಅನ್ನುತ್ತದೆ ಪುಸ್ತಕ.

ಆಮೇಲೆ ಬರುವುದು ಹೊಟ್ಟೆಪಾಡಿನ ವಿವರ. ಎಜ್ರ 7ರಲ್ಲಿ ಪಾರಸಿಯ ರಾಜ ಅರ್ತಷಸ್ತ ಹಾಡುಗಾರರಿಗೆ ತೆರಿಗೆ ಇಲ್ಲ ಅನ್ನುತ್ತಾನೆ. ನೆಹೆಮೀಯ 11ರಲ್ಲಿ ಅವರಿಗೆ ದಿನದಿನದ ಪಾಲು ಕೊಡಬೇಕು ಅಂತ ರಾಜಾಜ್ಞೆ ಇದೆ. 12ರಲ್ಲಿ ಅವರು ಯೆರೂಸಲೇಮಿನ ಸುತ್ತ ಹಳ್ಳಿ ಕಟ್ಟಿಕೊಂಡಿದ್ದರು ಅಂತ ತಿಳಿಯುತ್ತದೆ. ಮತ್ತೆ ಕಟ್ಟಿದ ಯೆರೂಸಲೇಮಿನ ಗೋಡೆಯ ಪ್ರತಿಷ್ಠೆಗೆ ಆ ಹಳ್ಳಿಗಳಿಂದ ಬಂದು, ಎರಡು ತಂಡವಾಗಿ ಗೋಡೆಯ ಮೇಲೆ ನಡೆಯುತ್ತಾ ಹಾಡುತ್ತಾರೆ. ಒಂದು ತಂಡ ಎಜ್ರನ ಹಿಂದೆ, ಇನ್ನೊಂದರ ಹಿಂದೆ ನೆಹೆಮೀಯ. ಎರಡೂ ದೇವಾಲಯದಲ್ಲಿ ಕೂಡುತ್ತವೆ. ದನಿ ಬಹು ದೂರ ಕೇಳಿಸಿತಂತೆ.

ಮುಂದಿನ ಅಧ್ಯಾಯ 13. ಯೆಹೂದದ ಅಧಿಪತಿ ನೆಹೆಮೀಯ ಪಾರಸಿಯ ರಾಜನ ಬಳಿ ಹೋಗಿ ಮರಳಿ ಬರುವಷ್ಟರಲ್ಲಿ ಕಾಣಿಕೆ ಇಡುವ ಕೋಣೆಯನ್ನು ಟೋಬೀಯ ಅನ್ನುವವನಿಗೆ ಬಿಟ್ಟುಕೊಟ್ಟಿದ್ದಾರೆ. ದಶಮಾಂಶ ಬರುತ್ತಿಲ್ಲ. ಹಾಡುಗಾರರ ಪಾಲು ನಿಂತುಹೋಗಿದೆ. ದೇವಾಲಯದಲ್ಲಿ ಹಾಡಲು ಯಾರೂ ಇಲ್ಲ. ಲೇವಿಯರು, ಹಾಡುಗಾರರು ಒಬ್ಬೊಬ್ಬರೂ ತಮ್ಮ ತಮ್ಮ ಹೊಲಕ್ಕೆ ಓಡಿಹೋಗಿದ್ದಾರೆ.

ಕೀರ್ತನೆಗಳಲ್ಲಿ ಇದು ಸಿಗುವುದಿಲ್ಲ, ಮಿಷ್ನಾದಲ್ಲೂ ಇಲ್ಲ. ಗೋಡೆಯ ಮೇಲೆ ನಡೆಯುತ್ತಾ ಹಾಡಿದವರೇ ಮನೆಯಲ್ಲಿ ಕಾಳಿಲ್ಲದೆ ನೇಗಿಲು ಹಿಡಿದ ವರ್ಷ ಅದು. ನೆಹೆಮೀಯ ಅವರನ್ನು ಬೈಯುವುದಿಲ್ಲ. ಅಧಿಕಾರಿಗಳನ್ನು ಕರೆದು, ದೇವಾಲಯವನ್ನು ಯಾಕೆ ಕೈಬಿಟ್ಟಿರಿ ಅಂತ ಜಗಳ ಆಡುತ್ತಾನೆ. ಟೋಬೀಯನ ಸಾಮಾನನ್ನು ಅದಕ್ಕೂ ಮೊದಲೇ ಹೊರಗೆ ಎಸೆಸಿದ್ದ. ಧಾನ್ಯ, ದ್ರಾಕ್ಷಾರಸ, ಎಣ್ಣೆ ಮತ್ತೆ ಕೋಣೆಗೆ ಬರುತ್ತವೆ. ಹಂಚಲು ಒಬ್ಬ ಯಾಜಕ, ಒಬ್ಬ ಲೇಖಕ, ಒಬ್ಬ ಲೇವಿಯ, ಅವರಿಗೊಬ್ಬ ಸಹಾಯಕ, ಹೀಗೆ ನಾಲ್ವರನ್ನು ನೇಮಿಸುತ್ತಾನೆ. ನಂಬಿಗಸ್ತರು ಅನ್ನುವುದೊಂದೇ ಅವರ ಅರ್ಹತೆ.

ಆದ್ದರಿಂದ ಹೊಸದಾಗಿ ಓದುವವರಿಗೆ ನಾನು ಈಗ ಹೇಳುವ ಕ್ರಮ ಇದು. ಮೊದಲು ನೆಹೆಮೀಯ 12 ಮತ್ತು 13. ಆಮೇಲೆ 2 ಸಮುವೇಲ 6ರ ಪಕ್ಕ 1 ಪೂರ್ವಕಾಲವೃತ್ತಾಂತ 15, ಅದಾದ ಮೇಲೆ 25. ನಂತರ ತಲೆಬರಹ ಸಮೇತ ಆಸಾಫನ ಕೀರ್ತನೆಗಳು, ಕೊನೆಗೆ ‘ತಾಮಿದ್’. ಕ್ವೈರ್ ಹುಡುಗರಿಗೆ ಇಷ್ಟೂ ಓದಲು ಪುರುಸೊತ್ತು ಇಲ್ಲದಿದ್ದರೆ ನೆಹೆಮೀಯ 13ರ 10ರಿಂದ 13ರವರೆಗೆ ನಾಲ್ಕು ವಚನ ಗಟ್ಟಿಯಾಗಿ ಓದಿಸುತ್ತೇನೆ. ಕ್ವೈರ್ ಕಮಿಟಿಯವರನ್ನೂ ಅವತ್ತು ಕೂರಿಸಿಕೊಳ್ಳುತ್ತೇನೆ.